ಹುಳುವಿನ ಮುಂದೆ ಮಂಡಿಯೂರಿ

ಮಳೆಗಾಲ ಹಿಂದೆಗೆದು ಆಶ್ವಯುಜ ಮಾಸ ಕಾಲಿರಿಸುವ ಹೊತ್ತಿಗೆ ಮಲೆನಾಡಿನ ಬೇಲಿಸಾಲುಗಳಲ್ಲಿ ಕಿರುಜೀವಿಗಳ ಸಂತೆಯೇ ನೆರೆದಿರುತ್ತದೆ. ಲಂಟಾನದ ಹೂಗೊಂಚಲಿನ ಮೇಲೊಂದು ಚಿಟ್ಟೆ, ಅದರ ಕೆಳಗಿನ ಎಲೆಯ ಮರೆಯಲ್ಲೊಂದು ಜೇಡ, ಜೇಡನ ಬಲೆಯ ಎಳೆಎಳೆಯಲ್ಲಿಯೂ ಮಂಜಿನ ಹನಿ, ಹುಲ್ಲಿನ ಗರಿಯ ತುದಿಯಲ್ಲಿ ಇರುಳನ್ನು ಕಳೆದು ಇನ್ನೂ ಮೈಕೊಡವಿ ಏಳದ ಏರೋಪ್ಲೇನ್ ಚಿಟ್ಟೆ. ದಾರಿಯಲ್ಲಿ ಸಾಗುವವರು ಇವನ್ನು ಕಾಣುವುದಿಲ್ಲ. ಕಂಡರೂ ‘ಹುಳು’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ಅಂತಹ ಬೇಲಿಯೊಂದರ ಮುಂದೆ, ಒದ್ದೆ ನೆಲದ ಮೇಲೆ ಮಂಡಿಯೂರಿ, ಉಸಿರನ್ನು ಬಿಗಿಹಿಡಿದು, ಕ್ಯಾಮರಾವನ್ನು ಕಣ್ಣಿಗೊತ್ತಿಕೊಂಡು ಕುಳಿತ ಒಬ್ಬ ಮನುಷ್ಯ ಕಂಡರೆ ಊರಿನವರಿಗೆ ಸೋಜಿಗವಾಗುವುದು ಸಹಜವೇ. ಏನೋ ಕಳೆದುಕೊಂಡಿದ್ದಾನೆಂದು ಭಾವಿಸಿ ಹುಡುಕಿಕೊಡಲು ಮುಂದಾಗುವ ಉಪಕಾರಿಗಳೂ ಉಂಟು.

ಇವನೇ ಕಿರುಜೀವಿಗಳ ಸಮೀಪಚಿತ್ರ ತೆಗೆಯುವ ಹವ್ಯಾಸಿ. ಇವನಿಗೆ ಇದರಿಂದ ಸಂಬಳವಿಲ್ಲ, ಭತ್ಯವಿಲ್ಲ. ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ತೋಟದಲ್ಲಿಯೋ ದುಡಿದು, ಉಳಿದ ಹೊತ್ತನ್ನು ಬೇಲಿಯ ಬುಡದಲ್ಲಿ ಕಳೆಯುವವನು. ದೊಡ್ಡ ಪ್ರಾಣಿಗಳ ಚಿತ್ರ ತೆಗೆಯಬೇಕಾದರೆ ಕಾಡಿಗೆ ಹೋಗಬೇಕು, ಅಪ್ಪಣೆ ಪಡೆಯಬೇಕು, ವಾಹನ ಬೇಕು. ಹುಳುವಿನ ಚಿತ್ರಕ್ಕೆ ಇವೊಂದೂ ಬೇಡ. ಹಿತ್ತಿಲ ಬಾಗಿಲು ತೆರೆದರೆ ಸಾಕು. ಇಷ್ಟು ಸುಲಭವಾಗಿ ದೊರೆಯುವ ವಸ್ತುವಿನ ಚಿತ್ರವೂ ಸುಲಭವಾಗಿ ಸಿಕ್ಕೀತೆಂದು ನಂಬಿ ಮೊದಲ ಬಾರಿಗೆ ಹೊರಟವನು ಮನೆಗೆ ಬಂದು ನೋಡಿದಾಗ ಕಾಣುವುದು ಬೇರೆಯೇ ಚಿತ್ರ. ಚಿಟ್ಟೆಯ ರೆಕ್ಕೆಯ ಅಂಚು ಮಾತ್ರ ಸ್ಪಷ್ಟವಾಗಿದೆ, ಮುಖ ಮಸುಕಾಗಿದೆ. ಜೇಡನ ಹಿಂಗಾಲು ಗರಿಗರಿಯಾಗಿ ಮೂಡಿದೆ, ಕಣ್ಣುಗಳು ಹಾಲಿನಲ್ಲಿ ಅದ್ದಿದಂತಿವೆ. ಮತ್ತೊಂದು ಚಿತ್ರದಲ್ಲಿ ಹುಳುವಿನ ಹಿಂದಿರುವ ಎಲೆಯ ನರಗಳೆಲ್ಲ ಕಾಣುತ್ತವೆ, ಹುಳು ಮಾತ್ರ ಕಾಣದು.

ಇದಕ್ಕೆ ಕಾರಣ ಅವನ ಕೈಯ ದೋಷವೊಂದೇ ಅಲ್ಲ. ಸಾಮೀಪ್ಯದ ಗುಣವೇ ಅಂಥದು. ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ಬೆರಳನ್ನು ಹಿಡಿದು ಅದರ ಉಗುರನ್ನು ದಿಟ್ಟಿಸಿದರೆ ಹಿಂದಿನ ಗೋಡೆ ಮಂಕಾಗುತ್ತದೆ. ಗೋಡೆಯನ್ನು ದಿಟ್ಟಿಸಿದರೆ ಬೆರಳು ಮಂಕಾಗುತ್ತದೆ. ದೂರದ ಮರವನ್ನು ನೋಡುವಾಗ ಅದರಾಚೆಯ ಬೆಟ್ಟವೂ ಸ್ಪಷ್ಟವಾಗಿಯೇ ಇರುತ್ತದೆ. ಕ್ಯಾಮರಾದ ಮಸೂರಕ್ಕೂ ಇದೇ ನಿಯಮ. ಅದು ಒಂದು ನಿರ್ದಿಷ್ಟ ದೂರದಲ್ಲಿರುವುದನ್ನು ಮಾತ್ರ ತನ್ನ ಹಿಂದಿನ ಫಲಕದ ಮೇಲೆ ಖಚಿತವಾಗಿ ಮೂಡಿಸಬಲ್ಲುದು. ಇದಕ್ಕೇ ಫೋಕಸ್ ಎಂದು ಹೆಸರು. ಆ ದೂರದ ಹಿಂದು ಮುಂದಿನ ಒಂದಿಷ್ಟು ಭಾಗವೂ ಕಣ್ಣಿಗೆ ಸ್ಪಷ್ಟವೆಂದೇ ತೋರುತ್ತದೆ. ವಸ್ತು ದೂರವಿದ್ದಾಗ ಈ ಸ್ಪಷ್ಟತೆಯ ಆಳ ಗಜಗಟ್ಟಲೆ ಇರುತ್ತದೆ. ವಸ್ತುವಿಗೆ ಹತ್ತಿರವಾದಂತೆಲ್ಲ ಅದು ಕಾಗದದ ಹಾಗೆ ತೆಳ್ಳಗಾಗುತ್ತದೆ. 36 ಮಿಲಿಮೀಟರ್ ಅಗಲದ ಫಲಕವುಳ್ಳ ಕ್ಯಾಮರಾದಲ್ಲಿ, ಕೀಟದ ಬಿಂಬ ಅದರ ನಿಜವಾದ ಗಾತ್ರದಲ್ಲಿಯೇ ಮೂಡುವಷ್ಟು ಸಮೀಪಕ್ಕೆ ಹೋಗಿ, ಮಸೂರದ ದ್ವಾರವನ್ನು 8 ಎಂಬ ಅಂಕಿಗೆ ಇರಿಸಿದರೆ, ಈ ಆಳ ಸುಮಾರು 1 ಮಿಲಿಮೀಟರ್. ಒಂದು ಜೇನುನೊಣದ ತಲೆ ಕೂಡ ಅದಕ್ಕಿಂತ ದಪ್ಪ. ಚಿತ್ರ ತೆಗೆಯುವವನ ಎದೆ ಒಂದು ಉಸಿರಿಗೆ ಏರಿಳಿಯುವುದು ಅದಕ್ಕಿಂತ ಹೆಚ್ಚು.

ಹಾಗಾದರೆ ದ್ವಾರವನ್ನು ಕಿರಿದುಗೊಳಿಸಬಾರದೇಕೆ? ಕಿರಿದುಗೊಳಿಸಬಹುದು. ಕ್ಯಾಮರಾದ ಭಾಷೆಯಲ್ಲಿ ಅಂಕಿ ದೊಡ್ಡದಾದಷ್ಟೂ ದ್ವಾರ ಸಣ್ಣದು. 16ಕ್ಕೆ ತಿರುಗಿಸಿದರೆ ಸ್ಪಷ್ಟತೆಯ ಆಳ ಇಮ್ಮಡಿಯಾಗಿ 2 ಮಿಲಿಮೀಟರ್ ಆಗುತ್ತದೆ. ಆದರೆ ಒಳಬರುವ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೆಳಕು ಕಡಿಮೆಯಾದರೆ ಹೆಚ್ಚು ಹೊತ್ತು ದ್ವಾರವನ್ನು ತೆರೆದಿಡಬೇಕು. ಅಷ್ಟರಲ್ಲಿ ಗಾಳಿ ಬೀಸಿ ಎಲೆ ಅಲುಗುತ್ತದೆ, ಹುಳು ಮೀಸೆ ಆಡಿಸುತ್ತದೆ, ಕೈ ನಡುಗುತ್ತದೆ. ದ್ವಾರವನ್ನು ಇನ್ನೂ ಕಿರಿದುಗೊಳಿಸುತ್ತ ಹೋದರೆ ಮತ್ತೊಂದು ತೊಡಕು ಎದುರಾಗುತ್ತದೆ. ಸಣ್ಣ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡಿಕೊಳ್ಳುತ್ತದೆ. ಭೌತವಿಜ್ಞಾನದಲ್ಲಿ ವಿವರ್ತನೆ ಎನ್ನುವುದು ಇದನ್ನೇ. ಆಗ ಇಡೀ ಚಿತ್ರವೇ ತನ್ನ ಹರಿತವನ್ನು ಕಳೆದುಕೊಳ್ಳುತ್ತದೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ತೆರಬೇಕಾದ ಲೆಕ್ಕಾಚಾರವಿದು. ಸಾವಿರದಲ್ಲೊಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು ಮಿನುಗುವ ಸಣ್ಣ ಫ್ಲ್ಯಾಷ್ ದೀಪವನ್ನು ಬಳಸಿ, ಅದರ ಮುಂದೊಂದು ಬಿಳಿಯ ಬಟ್ಟೆಯನ್ನು ಕಟ್ಟಿ ಬೆಳಕನ್ನು ಮೆದುಗೊಳಿಸಿ, ಅಲುಗಾಟದಿಂದ ಪಾರಾಗುವವರಿದ್ದಾರೆ. ಆದರೂ ಆ ಒಂದೆರಡು ಮಿಲಿಮೀಟರನ್ನು ಹುಳುವಿನ ಮೈಯ ಯಾವ ಭಾಗಕ್ಕೆ ಕೊಡಬೇಕೆಂಬ ತೀರ್ಮಾನವನ್ನು ಯಾವ ಯಂತ್ರವೂ ಮನುಷ್ಯನಿಗಾಗಿ ಕೈಗೊಳ್ಳಲಾರದು.

ಈ ತೊಡಕು ಇಂದಿನದಲ್ಲ. ಅಮೆರಿಕದ ವರ್ಮಾಂಟ್ ಪ್ರಾಂತದ ಜೆರಿಕೊ ಎಂಬ ಹಳ್ಳಿಯಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನಿದ್ದ. ಹುಟ್ಟಿದ್ದು 1865ರಲ್ಲಿ. ಹಿಂದೆ ಶಿಕ್ಷಕಿಯಾಗಿದ್ದ ಅವನ ತಾಯಿ ಮನೆಯಲ್ಲಿಯೇ ಅವನಿಗೆ ಪಾಠ ಹೇಳಿದಳು. ತನ್ನ ಬಳಿಯಿದ್ದ ಒಂದು ಸೂಕ್ಷ್ಮದರ್ಶಕವನ್ನೂ ಕೊಟ್ಟಳು. ಅದರ ಕೆಳಗೆ ಹಿಮದ ಹರಳೊಂದನ್ನು ಕಂಡ ಹುಡುಗ ಮರುಳಾದ. ಅದರ ಆರು ಕೈಗಳ ಚೆಲುವನ್ನು ಕಾಗದದ ಮೇಲೆ ಬರೆದಿಡಲು ಹೊರಟರೆ, ಚಿತ್ರ ಮುಗಿಯುವ ಮೊದಲೇ ಹರಳು ಕರಗುತ್ತಿತ್ತು. ಕೊನೆಗೆ ತಂದೆಯನ್ನು ಒಪ್ಪಿಸಿ ಕ್ಯಾಮರಾ ಒಂದನ್ನು ಕೊಡಿಸಿಕೊಂಡು ಅದನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ. ಹೊಲದ ಕೆಲಸ ಬಿಟ್ಟು ಹಿಮದ ಚಿತ್ರ ತೆಗೆಯುವ ಮಗನನ್ನು ಕಂಡು ಆ ತಂದೆಗೆ ಏನನ್ನಿಸಿತೋ! ರೈತನ ಮನೆಯಲ್ಲಿ ಅದು ಸಣ್ಣ ಖರ್ಚೇನೂ ಆಗಿರಲಿಲ್ಲ.

ಚಿತ್ರಗಳು ಮೊದಮೊದಲು ಮಸುಕಾಗಿಯೇ ಬಂದವು. ಕ್ಯಾಮರಾದ ಹಿಂದೆ ನಿಂತು ಬಿಂಬವನ್ನು ನೋಡುವಾಗ ಮುಂದಿರುವ ಸೂಕ್ಷ್ಮದರ್ಶಕದ ತಿರುಪಿಗೆ ಕೈ ನಿಲುಕುತ್ತಿರಲಿಲ್ಲ. ಬೆಂಟ್ಲಿ ಗಾಲಿಗಳನ್ನೂ ದಾರವನ್ನೂ ಹೂಡಿ, ಹಿಂದೆ ನಿಂತಲ್ಲಿಂದಲೇ ತಿರುಪನ್ನು ತಿರುಗಿಸುವ ಉಪಾಯವನ್ನು ಕಂಡುಕೊಂಡ. ದ್ವಾರವನ್ನು ಬಹಳ ಕಿರಿದುಗೊಳಿಸಿ, ಅದಕ್ಕೆ ತಕ್ಕಂತೆ ಹೆಚ್ಚು ಹೊತ್ತು ಬೆಳಕನ್ನು ಬಿಟ್ಟ. ಬೆಂಕಿಯ ಕಾವಿಲ್ಲದ ಕೊಟ್ಟಿಗೆಯಲ್ಲಿ ನಿಂತು, ತನ್ನ ಉಸಿರಿನ ಬಿಸಿಗೆ ಹರಳು ಕರಗದಂತೆ ಉಸಿರು ಕಟ್ಟಿ, ಹಕ್ಕಿಯ ಗರಿಯಿಂದ ಮೆಲ್ಲಗೆ ಅದನ್ನು ಗಾಜಿನ ಮೇಲೆ ಒತ್ತಿ ಕೂರಿಸಿದ. 1885ರ ಜನವರಿ 15ರಂದು, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಅವನಿಗೆ ಮೊದಲ ಒಳ್ಳೆಯ ಚಿತ್ರ ದಕ್ಕಿತು. ಮುಂದೆ ಬದುಕಿನುದ್ದಕ್ಕೂ ಹಸು ಸಾಕುತ್ತ, ಹೊಲ ಮಾಡುತ್ತ, ಐದು ಸಾವಿರಕ್ಕೂ ಹೆಚ್ಚು ಹರಳುಗಳ ಚಿತ್ರಗಳನ್ನು ತೆಗೆದ. ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳ ಪುಸ್ತಕವೊಂದು 1931ರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ.

ಬೆಂಟ್ಲಿಯ ಕಥೆಯನ್ನು ಇಷ್ಟಕ್ಕೆ ನಿಲ್ಲಿಸಿದರೆ ಕೇಳಲು ಸೊಗಸಾಗಿರುತ್ತದೆ. ಆದರೆ ಅದರಲ್ಲಿ ಇನ್ನೊಂದು ಅಂಶವೂ ಇದೆ. ಹರಳಿನ ಹಿನ್ನೆಲೆ ಕಪ್ಪಾಗಿ ಕಾಣಲೆಂದು ಅವನು ನೆಗೆಟಿವ್‌ನಲ್ಲಿ ಹರಳಿನ ಸುತ್ತಲಿನ ಲೇಪವನ್ನು ಚೂರಿಯಿಂದ ಕೆರೆದು ತೆಗೆಯುತ್ತಿದ್ದ. ಜರ್ಮನಿಯ ಹವಾಮಾನ ವಿಜ್ಞಾನಿ ಹೆಲ್‌ಮನ್ ಇದನ್ನು ಆಕ್ಷೇಪಿಸಿದ. ಕೆರೆಯುವಾಗ ಹರಳಿನ ಅಂಚೂ ಕೆಡುತ್ತದೆ ಎಂದ. ಬೆಂಟ್ಲಿ ತನ್ನ ಕ್ರಮವನ್ನು ಬಚ್ಚಿಡಲಿಲ್ಲ. ನಿಜವನ್ನು ಇನ್ನಷ್ಟು ಚೆನ್ನಾಗಿ ತೋರಿಸಲು ಹಾಗೆ ಮಾಡುವುದು ತಪ್ಪಲ್ಲವೆಂದು ಸಮರ್ಥಿಸಿಕೊಂಡ. ಅದಕ್ಕಿಂತ ದೊಡ್ಡ ಮಾತೆಂದರೆ, ಅವನು ಆರಿಸಿಕೊಳ್ಳುತ್ತಿದ್ದುದು ಅಂಗಭಂಗವಿಲ್ಲದ ಚೆಲುವಾದ ಹರಳುಗಳನ್ನು. ಆಕಾಶದಿಂದ ಬೀಳುವ ಹರಳುಗಳಲ್ಲಿ ಮುರಿದವು, ಸೊಟ್ಟಗಿರುವವು, ಒಂದಕ್ಕೊಂದು ಅಂಟಿಕೊಂಡವು, ಇವೇ ಹೆಚ್ಚು. ಅವನ ಚಿತ್ರಗಳನ್ನಷ್ಟೇ ಕಂಡ ಲೋಕ ಹಿಮದ ಹರಳೆಂದರೆ ಆರು ದಳದ ಅಚ್ಚುಕಟ್ಟಾದ ರಂಗೋಲಿಯೆಂದೇ ನಂಬಿತು, ಇಂದಿಗೂ ನಂಬಿದೆ. ಅಪ್ರಾಮಾಣಿಕನಲ್ಲದ, ಶ್ರದ್ಧಾವಂತನಾದ ಒಬ್ಬ ಹವ್ಯಾಸಿಯ ಸ್ಪಷ್ಟವಾದ ಚಿತ್ರಗಳೂ ತಿಳಿಯದಂತೆ ಒಂದು ತಪ್ಪು ಭಾವನೆಯನ್ನು ಬಿತ್ತಬಲ್ಲವು ಎಂದಾದರೆ, ತಿಳಿದೂ ತಿಳಿದೂ ಬಿತ್ತುವವರ ಮಾತೇನು?

ಅಂಥವರು ಈಗ ಇದ್ದಾರೆ. ಹುಳು ಅಲುಗುತ್ತದೆ, ಫೋಕಸ್ ತಪ್ಪುತ್ತದೆ. ಆದುದರಿಂದ ಹುಳು ಅಲುಗದಂತೆ ಮಾಡುವುದೇ ಸುಲಭವೆಂಬುದು ಅವರ ತರ್ಕ. ಚಿಟ್ಟೆಯನ್ನೋ ಜೀರುಂಡೆಯನ್ನೋ ಹಿಡಿದು ಡಬ್ಬಿಯಲ್ಲಿ ಹಾಕಿ ರೆಫ್ರಿಜರೇಟರಿನಲ್ಲಿ ಇಡುತ್ತಾರೆ. ಅದು ಮರಗಟ್ಟಿದ ಮೇಲೆ ಹೊರತೆಗೆದು, ತಮಗೆ ಬೇಕಾದ ಹೂವಿನ ಮೇಲೆ ಕೂರಿಸಿ, ಎಚ್ಚರವಾಗುವ ಮೊದಲೇ ಚಿತ್ರ ತೆಗೆಯುತ್ತಾರೆ. ಕಾಲಿಗೆ ಅಂಟು ಹಚ್ಚುವವರಿದ್ದಾರೆ. ಕಪ್ಪೆಯನ್ನು ದಾರದಿಂದ ಕಟ್ಟಿ ನಿಲ್ಲಿಸಿ, ಆಮೇಲೆ ಚಿತ್ರದಿಂದ ದಾರವನ್ನು ಅಳಿಸಿಹಾಕುವವರಿದ್ದಾರೆ. ಕಪ್ಪೆಯ ತಲೆಯ ಮೇಲೆ ಬಸವನಹುಳು, ಎಲೆಯ ಕೊಡೆ ಹಿಡಿದ ಓತಿ ಮುಂತಾದ ‘ಅಪೂರ್ವ’ ದೃಶ್ಯಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ನೋಡಿದವರು ಪ್ರಕೃತಿಯ ವಿಸ್ಮಯವೆಂದು ತಲೆದೂಗುತ್ತಾರೆ. ಅಲ್ಲಿ ವಿಸ್ಮಯವೂ ಇಲ್ಲ, ಪ್ರಕೃತಿಯೂ ಇಲ್ಲ.

ಇದನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. ಕೀಟಗಳ ಮೈಯ ಬಿಸಿ ಸುತ್ತಲಿನ ಗಾಳಿಯ ಬಿಸಿಯನ್ನು ಅನುಸರಿಸುತ್ತದೆ. ಆದುದರಿಂದಲೇ ತಣ್ಣನೆಯ ಮುಂಜಾವಿನಲ್ಲಿ ಅವು ತಾವಾಗಿಯೇ ಜಡವಾಗಿರುತ್ತವೆ. ರೆಫ್ರಿಜರೇಟರ್ ಮಾಡುವುದೂ ಅದನ್ನೇ ತಾನೆ? ಬಿಸಿ ತಗುಲಿದೊಡನೆ ಕೀಟ ಮತ್ತೆ ಹಾರಿಹೋದರೆ ನಷ್ಟವೇನು? ಹೊಲಕ್ಕೆ ಔಷಧಿ ಹೊಡೆದು ಲಕ್ಷಗಟ್ಟಲೆ ಕೀಟಗಳನ್ನು ಕೊಲ್ಲುವ ಲೋಕದಲ್ಲಿ ಒಂದು ಚಿಟ್ಟೆಗೆ ಅರ್ಧ ಗಂಟೆ ಚಳಿಯಾದರೆ ಇಷ್ಟು ಗದ್ದಲವೇಕೆ?

ಈ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಮುಂಜಾವಿನ ಚಳಿಗೂ ಡಬ್ಬಿಯ ಚಳಿಗೂ ವ್ಯತ್ಯಾಸವಿದೆ. ಮುಂಜಾವಿನಲ್ಲಿ ಜಡವಾಗಿರುವ ಏರೋಪ್ಲೇನ್ ಚಿಟ್ಟೆ ಹಿಂದಿನ ಸಂಜೆ ತಾನೇ ಆರಿಸಿಕೊಂಡ ಗರಿಕೆಯ ಮೇಲೆ, ತನ್ನದೇ ಕಾಲುಗಳಿಂದ ಹಿಡಿತ ಹಿಡಿದು, ಬಿಸಿಲು ಬೀಳುವುದನ್ನು ಕಾಯುತ್ತಿರುತ್ತದೆ. ಅದು ಕುಳಿತ ಗಿಡ, ಕುಳಿತ ಎತ್ತರ, ರೆಕ್ಕೆ ಇರಿಸಿದ ರೀತಿ, ಇವೆಲ್ಲವೂ ಅದರ ಬಾಳಿನ ಸಂಗತಿಗಳು. ಡಬ್ಬಿಯಿಂದ ಹೊರಬಂದ ಕೀಟದ ಕಾಲು ಕೊಂಬೆಯನ್ನು ಹಿಡಿದಿರುವುದಿಲ್ಲ, ಕೊಂಬೆಗೆ ತಾಗಿರುತ್ತದೆ ಅಷ್ಟೆ. ಅದು ಕುಳಿತ ಹೂವು ಅದಕ್ಕೆ ಸಂಬಂಧಪಟ್ಟ ಹೂವೇ ಅಲ್ಲದಿರಬಹುದು. ಹಾಗೆ ತೆಗೆದ ಚಿತ್ರದಲ್ಲಿ ರೋಮರೋಮವೂ ಸ್ಪಷ್ಟವಾಗಿರುತ್ತದೆ. ಆದರೆ ಆ ಚಿತ್ರ ಹೇಳುವ ಮಾತು ಸುಳ್ಳು. ಕೀಟಕ್ಕಾದ ನೋವಿನ ಲೆಕ್ಕವನ್ನು ಬದಿಗಿರಿಸಿದರೂ, ಹುಳುವಿನ ಬಾಳನ್ನು ಅರಿಯಬೇಕಾಗಿದ್ದ ಮನುಷ್ಯ ಏನನ್ನೂ ಅರಿಯದೆಯೇ ಬಹುಮಾನ ಪಡೆದುಕೊಂಡನೆಂಬ ನಷ್ಟವಂತೂ ಉಳಿದೇ ಉಳಿಯುತ್ತದೆ. ಔಷಧಿ ಹೊಡೆಯುವ ರೈತ ತಾನು ಕೀಟವನ್ನು ಪ್ರೀತಿಸುತ್ತೇನೆಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ.

ಹಾಗೆಂದು ಕೀಟವನ್ನು ಮುಟ್ಟುವುದೇ ಪಾಪವೆನ್ನುವ ನಿಲುವೂ ಸರಿಯಾಗದು. ವಿಜ್ಞಾನಕ್ಕೆ ಕೆಲವೊಮ್ಮೆ ಕೀಟದ ದೇಹವೇ ಬೇಕಾಗುತ್ತದೆ. ಈ ಮಾತಿಗೆ ಮಲೇಷಿಯಾದಲ್ಲಿ ನಡೆದ ಸಂಗತಿಯೊಂದು ಒಳ್ಳೆಯ ನಿದರ್ಶನ. 2011ರಲ್ಲಿ ಅಲ್ಲಿನ ಸೆಲಂಗೋರ್ ಪ್ರಾಂತದ ಕಾಡಿನಲ್ಲಿ ಗ್ಯೂಕ್ ಹಾಕ್ ಪಿಂಗ್ ಎಂಬ ಹವ್ಯಾಸಿ ಛಾಯಾಗ್ರಾಹಕರು ಹಸಿರು ಬಣ್ಣದ, ಬಲೆಯಂತಹ ರೆಕ್ಕೆಯುಳ್ಳ ಸಣ್ಣ ಕೀಟವೊಂದರ ಚಿತ್ರ ತೆಗೆದರು. ರೆಕ್ಕೆಯ ಬುಡದಲ್ಲಿ ಕಪ್ಪು ಗೆರೆಗಳ ವಿನ್ಯಾಸವಿತ್ತು. ಚಿತ್ರ ತೆಗೆದ ಮೇಲೆ ಕೀಟ ಹಾರಿಹೋಯಿತು. ಅವರು ಆ ಚಿತ್ರವನ್ನು ಎಲ್ಲರೂ ನೋಡಬಹುದಾದ ಅಂತರಜಾಲದ ಸಂಗ್ರಹವೊಂದಕ್ಕೆ ಸೇರಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಕೀಟವಿಜ್ಞಾನಿ ಶಾನ್ ವಿಂಟರ್‌ಟನ್ ಅವರ ಕಣ್ಣಿಗೆ ಅದು ಆಕಸ್ಮಿಕವಾಗಿ ಬಿತ್ತು. ಇಂತಹ ರೆಕ್ಕೆಯ ಕೀಟವನ್ನು ಅವರು ಎಂದೂ ಕಂಡಿರಲಿಲ್ಲ. ತಿಳಿದವರನ್ನು ಕೇಳಿದರೆ ಅವರೂ ಕಂಡಿರಲಿಲ್ಲ. ಚಿತ್ರವೊಂದನ್ನೇ ನೆಚ್ಚಿ ಹೊಸ ಪ್ರಭೇದವೆಂದು ಸಾರುವುದು ಸಾಧ್ಯವಿರಲಿಲ್ಲ. ಬಹಳ ದಿನಗಳ ಮೇಲೆ ಗ್ಯೂಕ್ ಅವರಿಗೆ ಅದೇ ಕಾಡಿನಲ್ಲಿ ಅದೇ ಜಾತಿಯ ಕೀಟವೊಂದು ಸಿಕ್ಕಿತು. ಅದು ಲಂಡನ್ನಿನ ಪ್ರಕೃತಿ ವಸ್ತುಸಂಗ್ರಹಾಲಯದ ತಜ್ಞ ಸ್ಟೀಫನ್ ಬ್ರೂಕ್ಸ್ ಅವರ ಬಳಿಗೆ ಹೋಗಿ, ಪರೀಕ್ಷೆಗೊಳಗಾಗಿ, 2012ರಲ್ಲಿ ‘ಸೆಮಾಕ್ರೈಸಾ ಜೇಡ್’ ಎಂಬ ಹೆಸರಿನಿಂದ ವಿಜ್ಞಾನದ ಪಟ್ಟಿಯನ್ನು ಸೇರಿತು. ಆ ಪ್ರಬಂಧವನ್ನು ಬರೆದ ಮೂವರಲ್ಲಿ ಹವ್ಯಾಸಿಯೂ ಒಬ್ಬರು.

ಇಲ್ಲಿ ಕೀಟವೊಂದನ್ನು ಹಿಡಿದದ್ದು ನಿಜ. ಆದರೆ ಹಿಡಿದದ್ದು ಏತಕ್ಕೆಂಬುದನ್ನು ಯಾರೂ ಮುಚ್ಚಿಡಲಿಲ್ಲ. ಹಿಡಿದ ಕೀಟವನ್ನು ಕಾಡಿನಲ್ಲಿ ಸಹಜವಾಗಿ ಕುಳಿತದ್ದೆಂದು ತೋರಿಸಲೂ ಇಲ್ಲ. ಇನ್ನೊಂದು ಅಂಶವನ್ನು ಗಮನಿಸಬೇಕು. ಮೊದಲ ಚಿತ್ರದಲ್ಲಿ ರೆಕ್ಕೆಯ ಗೆರೆಗಳು ಮಸುಕಾಗಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಹಸಿರು ಹುಳುವಿನ ಇನ್ನೊಂದು ಚಿತ್ರವೆಂದು ವಿಜ್ಞಾನಿ ಮುಂದಿನದಕ್ಕೆ ಹೋಗಿಬಿಡುತ್ತಿದ್ದರು. ಫೋಕಸ್ ಎಂಬುದು ಬರಿಯ ಅಂದದ ವಿಷಯವಲ್ಲವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹುಳುವನ್ನು ಕಟ್ಟಿಹಾಕದೆ ಅಂತಹ ಸ್ಪಷ್ಟತೆಯನ್ನು ಪಡೆಯುವ ಬಗೆ ಹೇಗೆ? ಅನುಭವಿಗಳ ಕೈಯಲ್ಲಿ ಅದು ಬಲು ಸರಳವಾಗಿ ಕಾಣುತ್ತದೆ. ಅವರು ಮಸೂರದ ಉಂಗುರವನ್ನು ಮತ್ತೆ ಮತ್ತೆ ತಿರುಗಿಸುವುದಿಲ್ಲ. ಹುಳು ಎಷ್ಟು ದೊಡ್ಡದಾಗಿ ಕಾಣಬೇಕೆಂಬುದನ್ನು ಮೊದಲೇ ನಿಶ್ಚಯಿಸಿ ಉಂಗುರವನ್ನು ಅಲ್ಲಿಗೇ ಬಿಟ್ಟು, ತಮ್ಮ ದೇಹವನ್ನೇ ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಾರೆ. ಕಣ್ಣು ಸ್ಪಷ್ಟವಾದ ಕ್ಷಣದಲ್ಲಿ ಗುಂಡಿ ಒತ್ತುತ್ತಾರೆ. ಮೊಣಕೈಯನ್ನು ಮೊಣಕಾಲಿಗೆ ಊರುತ್ತಾರೆ. ಸಾಧ್ಯವಿದ್ದಲ್ಲಿ ಟ್ರೈಪಾಡ್ ಎಂಬ ಮೂರು ಕಾಲಿನ ಆಸರೆಯನ್ನು ಬಳಸುತ್ತಾರೆ. ರೆಕ್ಕೆ ಮಡಿಸಿ ಕುಳಿತ ಚಿಟ್ಟೆಯನ್ನು ಎದುರಿನಿಂದ ನೋಡುವುದಿಲ್ಲ, ಪಕ್ಕದಿಂದ ನೋಡುತ್ತಾರೆ. ಕ್ಯಾಮರಾದ ಫಲಕವೂ ಚಿಟ್ಟೆಯ ರೆಕ್ಕೆಯೂ ಒಂದಕ್ಕೊಂದು ಸಮಾನಾಂತರವಾಗಿ ನಿಂತರೆ, ಆ ಒಂದು ಮಿಲಿಮೀಟರಿನ ತೆಳುಪದರದೊಳಗೆ ಇಡೀ ರೆಕ್ಕೆ ಅಡಗುತ್ತದೆ. ತಮ್ಮ ನೆರಳು ಹುಳುವಿನ ಮೇಲೆ ಬೀಳದಂತೆ ಬರುತ್ತಾರೆ. ಹುಳು ಗಾಬರಿಯಾದರೆ ಅಲ್ಲಿಯೇ ನಿಲ್ಲುತ್ತಾರೆ. ಅದು ಮತ್ತೆ ಮೇಯತೊಡಗಿದ ಮೇಲೆ ಮತ್ತೊಂದು ಅಂಗುಲ. ಇಷ್ಟಾಗಿಯೂ ಹತ್ತರಲ್ಲಿ ಒಂಬತ್ತು ಚಿತ್ರಗಳು ಕೆಡಬಹುದು. ಕೆಟ್ಟ ಚಿತ್ರಗಳನ್ನು ಅವರು ಯಾರಿಗೂ ತೋರಿಸುವುದಿಲ್ಲವಾದ್ದರಿಂದ ಹೊಸಬರಿಗೆ ಆ ಸಂಗತಿ ತಿಳಿಯದೆ ಹೋಗುತ್ತದೆ.

ಈಚೆಗೆ ಇನ್ನೊಂದು ಕ್ರಮ ಬಳಕೆಗೆ ಬಂದಿದೆ. ಕ್ಯಾಮರಾವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಒಂದೇ ಹುಳುವಿನ ಹತ್ತಾರು ಚಿತ್ರಗಳನ್ನು ತೆಗೆದು, ಪ್ರತಿಯೊಂದರಲ್ಲಿ ಸ್ಪಷ್ಟವಾಗಿರುವ ಪದರವನ್ನು ಮಾತ್ರ ಆಯ್ದು ಕಂಪ್ಯೂಟರಿನ ಸಹಾಯದಿಂದ ಒಂದೇ ಚಿತ್ರವಾಗಿ ಹೊಂದಿಸುತ್ತಾರೆ. ಆಗ ಹುಳು ಮೀಸೆಯಿಂದ ಬಾಲದವರೆಗೂ ಸ್ಪಷ್ಟವಾಗುತ್ತದೆ. ಇದೂ ಮೋಸವೇ ಎಂದು ಕೇಳುವವರಿದ್ದಾರೆ. ಮೋಸವೆನ್ನಲಾಗದು. ಆ ಹುಳು ತಾನಾಗಿ ಅಲ್ಲಿ ಕುಳಿತಿತ್ತು, ತಾನಾಗಿ ಅಲುಗದೆ ಇತ್ತು. ಮನುಷ್ಯನ ಕಣ್ಣು ಹರಿದಾಡಿ ಭಾಗ ಭಾಗವಾಗಿ ಕಾಣುವುದನ್ನೇ ಆ ಚಿತ್ರ ಒಟ್ಟುಗೂಡಿಸಿದೆ. ಹಾಗೆ ಹೊಂದಿಸಿದ ಚಿತ್ರವೆಂದು ಕೆಳಗೆ ಒಂದು ಸಾಲು ಬರೆದರೆ ಸಾಕು. ಆದರೆ ಬದುಕಿರುವ ಹುಳು ಅಷ್ಟು ಹೊತ್ತು ಅಲುಗದೆ ಇರುವುದು ಅಪರೂಪ. ಆದುದರಿಂದ ರೆಫ್ರಿಜರೇಟರಿನ ಬಾಗಿಲಿಗೆ ಈ ಕ್ರಮವೇ ದಾರಿ ತೋರಿಸುವ ಅಪಾಯವಿದೆ. ಎಲ್ಲವೂ ಸ್ಪಷ್ಟವಾಗಿರಲೇಬೇಕೆಂಬ ಹಟವೂ ಅಷ್ಟೇನೂ ಒಳ್ಳೆಯದಲ್ಲ. ಕಣ್ಣೊಂದು ಸ್ಪಷ್ಟವಾಗಿದ್ದು ಉಳಿದ ಮೈ ಮಂಜಿನಲ್ಲಿ ಕರಗಿದಂತಿರುವ ಚಿತ್ರವೂ ಚೆಲುವಾಗಿರಬಲ್ಲುದು.

ಬೆಲೆಬಾಳುವ ಸಲಕರಣೆ ಇಲ್ಲದೆ ಇದಾಗದೆಂಬ ಮಾತನ್ನೂ ಒಪ್ಪಬೇಕಾಗಿಲ್ಲ. ಮೊಬೈಲಿನ ಮುಂದೆ ಸಿಕ್ಕಿಸುವ ಸಣ್ಣ ಮಸೂರದಿಂದಲೇ ಒಳ್ಳೆಯ ಚಿತ್ರ ತೆಗೆಯುವ ಮಕ್ಕಳಿದ್ದಾರೆ. ಹಳೆಯ ಕ್ಯಾಮರಾದ ಮಸೂರವನ್ನು ಹಿಂದುಮುಂದಾಗಿ ತಿರುಗಿಸಿ ಹೊಸ ಕ್ಯಾಮರಾಕ್ಕೆ ಜೋಡಿಸಿದರೆ ಅದೇ ಸಮೀಪಚಿತ್ರದ ಮಸೂರವಾಗುತ್ತದೆ. ಸಲಕರಣೆಗಿಂತ ಕೊರತೆಯಾಗುವುದು ಹೊತ್ತು. ಮುಂಜಾನೆ ಆರರಿಂದ ಎಂಟರವರೆಗೆ ಗಾಳಿ ಏಳುವ ಮುನ್ನ ಬೇಲಿಯ ಬಳಿಗೆ ಹೋಗುವವನಿಗೆ ಸಿಗುವುದು, ಹತ್ತು ಗಂಟೆಗೆ ಎಷ್ಟೇ ದೊಡ್ಡ ಕ್ಯಾಮರಾ ಹೊತ್ತು ಬಂದವನಿಗೂ ಸಿಗುವುದಿಲ್ಲ.

ಮಾವಿನ ಮರದಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯನ್ನು ಮಲೆನಾಡಿನ, ಕರಾವಳಿಯ ಮಕ್ಕಳೆಲ್ಲ ಬಲ್ಲರು. ಅದರಿಂದ ಕಚ್ಚಿಸಿಕೊಳ್ಳದವರು ಇರಲಾರರು. ಆ ಗೂಡಿನ ಸಮೀಪದಲ್ಲಿ ಎಲೆಯ ಮೇಲೆ ಒಂಟಿಯಾಗಿ ತಿರುಗುವ ಒಂದು ಇರುವೆಯ ಚಿತ್ರವನ್ನು ಹವ್ಯಾಸಿ ಹುಡುಗಿಯೊಬ್ಬಳು ತೆಗೆದಳೆಂದು ಭಾವಿಸಬಹುದು. ಅದೇ ಕೆಂಗಂದು ಬಣ್ಣ, ಅದೇ ಸಣ್ಣ ನಡು, ತಲೆಯ ಮುಂದೆ ಆಡಿಸುತ್ತಿರುವ ಎರಡು ಮೀಸೆ. ಮೊದಲ ದಿನದ ಚಿತ್ರಗಳೆಲ್ಲ ಕೆಟ್ಟಿವೆ. ಎರಡನೆಯ ದಿನವೂ ಕೆಟ್ಟಿವೆ; ಆದರೆ ಆ ‘ಇರುವೆ’ ಉಳಿದವುಗಳಂತೆ ಸಾಲಿನಲ್ಲಿ ನಡೆಯುವುದಿಲ್ಲ, ಬೇರೆ ಇರುವೆ ಎದುರಾದರೆ ತಪ್ಪಿಸಿಕೊಂಡು ಎಲೆಯ ಅಡಿಗೆ ಸರಿಯುತ್ತದೆ ಎಂಬುದು ಅವಳ ಕಣ್ಣಿಗೆ ಬಿದ್ದಿದೆ. ಅದು ಹಾಗೆ ಸರಿಯುವ ಎಲೆಯನ್ನೇ ಗುರುತಿಟ್ಟುಕೊಂಡು ಮೂರನೆಯ ಬೆಳಿಗ್ಗೆ ಆ ಎಲೆಯ ಅಂಚಿಗೆ ಮೊದಲೇ ಕ್ಯಾಮರಾ ಹೂಡಿ ಕಾದಿದ್ದಾಳೆ. ಈ ಬಾರಿ ಫೋಕಸ್ ಅದರ ತಲೆಯ ಮೇಲೆಯೇ ಕುಳಿತಿದೆ. ಮನೆಗೆ ಬಂದು ಚಿತ್ರವನ್ನು ಹಿರಿದುಗೊಳಿಸಿ ನೋಡುತ್ತಾಳೆ. ಮೀಸೆಯೆಂದು ಭಾವಿಸಿದ್ದು ಮೀಸೆಯಲ್ಲ, ಮೇಲೆತ್ತಿದ ಮುಂಗಾಲು. ಪಕ್ಕದಲ್ಲಿರುವ ಕಪ್ಪು ಚುಕ್ಕೆ ಇರುವೆಯ ಕಣ್ಣಲ್ಲ, ಕಣ್ಣಿನಂತೆ ತೋರುವ ಕಲೆ. ನಿಜವಾದ ಕಣ್ಣುಗಳು ಹಣೆಯ ಮೇಲೆ ಸಾಲಾಗಿ ಹೊಳೆಯುತ್ತಿವೆ. ಕಾಲುಗಳನ್ನು ಎಣಿಸಿದರೆ ಆರಲ್ಲ, ಎಂಟು. ಇರುವೆಯ ವೇಷ ತೊಟ್ಟ ಜೇಡ ಅದು. ಮರುದಿನ ಬೆಳಿಗ್ಗೆ ಅವಳು ಮತ್ತೆ ಮಾವಿನ ಮರದ ಬಳಿಗೆ ಹೋಗುತ್ತಾಳೆ. ಈ ಸಲ ಕ್ಯಾಮರಾದ ಜೊತೆಗೆ ಒಂದು ನೋಟುಪುಸ್ತಕವೂ ಇದೆ.